ಪಹಣಿಯ ಗುಂಟೆ, ಸರ್ಕಾರದ ಹೆಕ್ಟೇರು

2023ರ ಬರಗಾಲದಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದು ವಾಚಕರ ನೆನಪಿನಲ್ಲಿರಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಆ ಪಟ್ಟಿಯಲ್ಲಿದ್ದುವು. ಆಗ ಜಾರಿಯಲ್ಲಿದ್ದ ನಿಯಮದಂತೆ, ನೂರಕ್ಕೆ 33 ಪಾಲಾದರೂ ಬೆಳೆ ನಷ್ಟವಾಗಿದ್ದಲ್ಲಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಅಡಿಕೆ ತೆಂಗುಗಳಂಥ ಬಹುವಾರ್ಷಿಕ ಬೆಳೆಗೆ 22,500 ಪರಿಹಾರ. ಒಬ್ಬ ರೈತನಿಗೆ ಎರಡು ಹೆಕ್ಟೇರಿನ ಮಿತಿ. ಈ ದರಗಳು ಸಾಕೇ ಸಾಲವೇ ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ನಾವು ಇಂದು ಎತ್ತತಕ್ಕ ಪ್ರಶ್ನೆ ನೋಡುವುದಕ್ಕೆ ಅದಕ್ಕಿಂತ ಚಿಕ್ಕದು. ಪರಿಹಾರವನ್ನು ಅಳೆದ ಕೋಲು ಒಂದು, ರೈತನ ಭೂಮಿಯನ್ನು ಅಳೆದ ಕೋಲು ಇನ್ನೊಂದು. ಹೀಗಿರುವಲ್ಲಿ ತನಗೆ ಬರಬೇಕಾದುದು ಎಷ್ಟೆಂಬುದನ್ನು ಆತನು ತಿಳಿಯುವುದು ಹೇಗೆ?

ಮದಕರಿಪುರದ ಒಬ್ಬ ಒಕ್ಕಲಿಗನ ಕೈಯಲ್ಲಿರುವ ಪಹಣಿಯನ್ನು ತೆಗೆದು ನೋಡೋಣ. ಅದರಲ್ಲಿ ಹೆಕ್ಟೇರೆಂಬ ಮಾತಿಲ್ಲ. ಎಕರೆ, ಗುಂಟೆ, ಆಣೆ — ಇಷ್ಟೇ. ನಾಲ್ವತ್ತು ಗುಂಟೆಗೆ ಒಂದು ಎಕರೆ; ಹದಿನಾರು ಆಣೆಗೆ ಒಂದು ಗುಂಟೆ. (ನಾಣ್ಯದ ಆಣೆ 1957ರಲ್ಲಿಯೇ ಲೆಕ್ಕದಿಂದ ಹೊರಬಿದ್ದಿತು. ಭೂಮಿಯ ಆಣೆ ಮಾತ್ರ ಸುಮಾರು 68 ಚದರ ಅಡಿಯ ಒಡೆತನವನ್ನು ಹಿಡಿದುಕೊಂಡು ಈಗಲೂ ಕಂಪ್ಯೂಟರಿನೊಳಗೆ ಜೀವಿಸಿದೆ.) ಒಂದು ಹೆಕ್ಟೇರೆಂದರೆ ಎರಡು ಎಕರೆ ಹದಿನೆಂಟು ಗುಂಟೆ, ಅದರ ಮೇಲೆ ಮುಕ್ಕಾಲು ಗುಂಟೆಗೂ ತುಸು ಹೆಚ್ಚು. 8,500 ರೂಪಾಯಿ ಎಂದು ಪತ್ರಿಕೆಯಲ್ಲಿ ಓದಿ, ಒಂದೆಕರೆ ಹೊಲದ ಒಡೆಯನು ಅಷ್ಟನ್ನೇ ನಿರೀಕ್ಷಿಸಿದರೆ ಅವನನ್ನು ಹಳಿಯುವಂತಿಲ್ಲ. ಅವನಿಗೆ ನ್ಯಾಯವಾಗಿ ಸಲ್ಲುವುದು 3,440 ರೂಪಾಯಿ. ಕೈಗೆ ಬಂದುದು ಅಷ್ಟೇ ಆದಾಗ ನಡುವೆ ಯಾರೋ ತಿಂದರೆಂದು ಅವನು ಶಂಕಿಸುತ್ತಾನೆ. ನಿಜವಾಗಿಯೂ ಯಾರಾದರೂ ತಿಂದಿದ್ದರೆ, ಹೆಕ್ಟೇರಿನ ಲೆಕ್ಕವೇ ಹಾಗೆಂದು ಹೇಳಿ ಅವನ ಬಾಯಿ ಮುಚ್ಚಿಸುತ್ತಾರೆ. ಪ್ರಾಮಾಣಿಕನಾದ ಅಧಿಕಾರಿಗೆ ಅಪಕೀರ್ತಿ, ಅಪ್ರಾಮಾಣಿಕನಿಗೆ ಮರೆ — ಎರಡನ್ನೂ ಒಂದೇ ಗೊಂದಲವು ಒದಗಿಸಿಕೊಡುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಅಪಾಯವುಂಟು. ಪಹಣಿಯಲ್ಲಿ 2.20 ಎಂದು ಬರೆದಿದ್ದರೆ ಅದರ ಅರ್ಥ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಶಾಲೆಯಲ್ಲಿ ದಶಮಾಂಶವನ್ನು ಕಲಿತವನ ಕಣ್ಣಿಗೆ ಅದೇ ಬರಹವು ಎರಡು ಎಕರೆ ಮತ್ತು ಒಂದು ಎಕರೆಯ ಐದನೆಯ ಒಂದು ಪಾಲಿನಂತೆ ಕಾಣಿಸುತ್ತದೆ. ಒಂದು ಚುಕ್ಕೆಯನ್ನು ಓದುವುದರಲ್ಲಿ ಹನ್ನೆರಡು ಗುಂಟೆ ಮಾಯ! ಮೇಲಿನ ದರದಲ್ಲಿಯೇ ಲೆಕ್ಕ ಹಾಕಿದರೆ ಸರಿಯಾಗಿ ಓದಿದಾಗ 8,599 ರೂಪಾಯಿ, ತಪ್ಪಾಗಿ ಓದಿದಾಗ 7,567 ರೂಪಾಯಿ. ವ್ಯತ್ಯಾಸ ಸಾವಿರಕ್ಕೆ ಮೇಲ್ಪಟ್ಟಿತು. ಭೂಮಿ ಯೋಜನೆಯ ಯಂತ್ರವು ಈ ಚುಕ್ಕೆಯನ್ನು ಸರಿಯಾಗಿಯೇ ಓದುವಂತೆ ಕಟ್ಟಲ್ಪಟ್ಟಿರಬಹುದು. ಆದರೆ ಪಹಣಿಯನ್ನು ಓದುವವರು ಯಂತ್ರಗಳು ಮಾತ್ರವಲ್ಲವಷ್ಟೆ. ಬ್ಯಾಂಕಿನ ಗುಮಾಸ್ತರು, ವಿಮೆಯ ಪ್ರತಿನಿಧಿಗಳು, ಬೇರೆ ರಾಜ್ಯದಿಂದ ಬಂದ ಅಧಿಕಾರಿಗಳು, ಕೊಳ್ಳಲು ಬಂದ ಪಟ್ಟಣದ ಧನಿಕರು ಎಲ್ಲರೂ ಓದುತ್ತಾರೆ. ಮೊಳಕಾಲ್ಮೂರಿನ ಗಡಿಯಾಚೆ ರಾಯದುರ್ಗದ ಸೀಮೆಯಲ್ಲಿ ಎಕರೆಗೆ ನೂರು ಸೆಂಟು. ಅಲ್ಲಿ 2.20 ಎಂದರೆ ದಶಮಾಂಶವೇ ಸರಿ. ಗಡಿಯ ಈಚೆಗೂ ಆಚೆಗೂ ಬರಹ ಒಂದೇ, ಭೂಮಿ ಬೇರೆ.

ಎರಡು ಹೆಕ್ಟೇರಿನ ಮಿತಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಆಡುಮಾತಿನಲ್ಲಿ ಎರಡು ಹೆಕ್ಟೇರೆಂದರೆ ಐದು ಎಕರೆ. ಸಭೆಗಳಲ್ಲಿ ಭಾಷಣಕಾರರೂ ಹಾಗೆಯೇ ಹೇಳುತ್ತಾರೆ. ವಾಸ್ತವವಾಗಿ ಎರಡು ಹೆಕ್ಟೇರೆಂಬುದು ನಾಲ್ಕು ಎಕರೆ ಮೂವತ್ತೇಳೂ ಮುಕ್ಕಾಲು ಗುಂಟೆಯೊಳಗೇ ಮುಗಿದುಹೋಗುತ್ತದೆ. ಸರಿಯಾಗಿ ಐದು ಎಕರೆಯುಳ್ಳ ರೈತನು ಎರಡು ಚಿಲ್ಲರೆ ಗುಂಟೆಗಳಷ್ಟು ಗೆರೆಯನ್ನು ದಾಟಿದವನಾಗುತ್ತಾನೆ. 2019ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಆರಂಭವಾದಾಗ ಎರಡು ಹೆಕ್ಟೇರಿನವರೆಗಿನ ಹಿಡುವಳಿದಾರರಿಗೆ ಮಾತ್ರ ಅದು ಸಲ್ಲುತ್ತಿತ್ತು. ಅದೇ ವರ್ಷದ ಜೂನಿನಿಂದ ಆ ಮಿತಿಯನ್ನು ತೆಗೆದುಹಾಕಿದುದರಿಂದ ಆ ಗೆರೆಯ ಮೇಲೆ ನಿಂತವರ ಪ್ರಶ್ನೆ ಹೆಚ್ಚು ಬೆಳೆಯಲಿಲ್ಲ. ಆದರೆ ಸಣ್ಣ ರೈತನೆಂಬ ಹೆಸರಿಗೂ ಅದರ ಬೆನ್ನಿಗೆ ಬರುವ ಸೌಕರ್ಯಗಳಿಗೂ ಎರಡು ಹೆಕ್ಟೇರೇ ಗಡಿಯಾಗಿರುವ ತನಕ ಐದೆಕರೆಯವನ ನೆಮ್ಮದಿ ಅಳತೆಗಾರನ ಔದಾರ್ಯವನ್ನು ಅವಲಂಬಿಸಿಯೇ ಇರುತ್ತದೆ.

ಇಷ್ಟನ್ನು ಓದಿದವರು ನಾವು ಮೆಟ್ರಿಕ್ ಪದ್ಧತಿಯ ವಿರೋಧಿಗಳೆಂದು ಭಾವಿಸಬಾರದು. ಅದಕ್ಕೆ ಮೊದಲು ನಮ್ಮ ಸಂತೆಗಳ ಸ್ಥಿತಿ ಎಂತಿತ್ತೆಂಬುದನ್ನು ಹಿರಿಯರು ಬಲ್ಲರು. ಚಟಾಕು, ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ, ಪಲ್ಲ ಎಂಬ ಹೆಸರುಗಳು ಕಿವಿಗೆ ಇಂಪಾಗಿಯೇ ಇವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವೂ ಎಲ್ಲ ಕಡೆಗೆ ಒಂದೇ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರೆ ಊರಿಗೊಂದು ಉತ್ತರ. ತೂಕದ ಸೇರಿನಲ್ಲಿ ಎಂಬತ್ತು ತೊಲದ ಪಕ್ಕಾ ಸೇರು ಒಂದು, ಮೈಸೂರು ಸೀಮೆಯಲ್ಲಿ ನಡೆಯುತ್ತಿದ್ದ ಇಪ್ಪತ್ತನಾಲ್ಕು ತೊಲದ ಕಚ್ಚಾ ಸೇರು ಇನ್ನೊಂದು. ನಾಲ್ವತ್ತು ಸೇರಿಗೆ ಮಣವೆಂಬುದು ಎರಡಕ್ಕೂ ಸಮಾನ. ಹಾಗಾಗಿ ಒಂದು ಮಣ ಇಂದಿನ 37 ಕಿಲೋಗ್ರಾಮಿಗೆ ಮೇಲ್ಪಟ್ಟಿತು, ಇನ್ನೊಂದು ಮಣ ಸುಮಾರು 11 ಕಿಲೋಗ್ರಾಮು! ಭೂಮಿಯನ್ನು ಬಿತ್ತುವ ಬೀಜದಿಂದ ಅಳೆಯುತ್ತಿದ್ದ ಕಾಲದಲ್ಲಿ ಖುಷ್ಕಿಯ ಖಂಡುಗ ಬೇರೆ, ತರಿಯ ಖಂಡುಗ ಬೇರೆ. ಇವೆಲ್ಲವನ್ನೂ ಬಲ್ಲವನು ವರ್ತಕ. ಒಂದನ್ನೇ ಬಲ್ಲವನು ಬೆಳೆಗಾರ. ಕೊಳ್ಳುವಾಗ ದೊಡ್ಡ ಕೊಳಗ, ಕೊಡುವಾಗ ಸಣ್ಣ ಕೊಳಗವೆಂಬ ದೂರು ಹುಟ್ಟಿದುದು ಇಲ್ಲಿಂದಲೇ.

ಈ ಗೋಜನ್ನು ಬಿಡಿಸಬೇಕೆಂಬ ಯತ್ನ ಹೊಸದಲ್ಲ. ಫ್ರಾನ್ಸಿನ ಮಹಾಕ್ರಾಂತಿಯಿಂದ ಹುಟ್ಟಿ 1795ರಲ್ಲಿ ಶಾಸನರೂಪ ತಳೆದ ಮೆಟ್ರಿಕ್ ಪದ್ಧತಿಯನ್ನು ಭಾರತಕ್ಕೆ ತರುವ ಉದ್ದೇಶದಿಂದ 1871ರಲ್ಲಿಯೇ ಒಂದು ಕಾಯಿದೆಯಾಯಿತು. ಅದರಲ್ಲಿ ಕಿಲೋಗ್ರಾಮಿಗೆ ಸಮನಾದ ತೂಕವನ್ನು ನಿಶ್ಚಯಿಸಿ ಅದಕ್ಕೆ ‘ಸೇರು’ ಎಂದೇ ಹೆಸರಿಟ್ಟಿದ್ದರೆಂಬುದು ಹಲವರಿಗೆ ಆಶ್ಚರ್ಯವನ್ನುಂಟುಮಾಡೀತು. ಕಾಯಿದೆ ಕಾಗದದಲ್ಲಿಯೇ ಉಳಿಯಿತು. 1939ರಲ್ಲಿ ಮತ್ತೊಂದು ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ತೊಲವನ್ನು 180 ಗ್ರೇನುಗಳೆಂದೂ ಸೇರನ್ನು ಎಂಬತ್ತು ತೊಲಗಳೆಂದೂ ಗೊತ್ತುಪಡಿಸಿತು. ಸ್ವತಂತ್ರ ಭಾರತದ ಸರ್ಕಾರವು 1956ರಲ್ಲಿ ಮೆಟ್ರಿಕ್ ಕಾಯಿದೆಯನ್ನು ಮಾಡಿ, 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ಪೈಸೆಗಳಾಗಿಸಿ, 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಹೊಸ ತೂಕಗಳನ್ನು ಜಾರಿಗೆ ತಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ದೇಶದ ಪೇಟೆಗಳೆಲ್ಲ ಒಂದೇ ತೂಕಕ್ಕೆ ಬಂದುವು. ನಮ್ಮನ್ನಾಳಿದ ಇಂಗ್ಲೆಂಡು ತನ್ನ ಪೌಂಡು ಷಿಲ್ಲಿಂಗುಗಳ ನಾಣ್ಯವನ್ನು ದಶಮಾಂಶಕ್ಕೆ ತಿರುಗಿಸಿದುದು 1971ರಲ್ಲಿ. ಅಕ್ಷರಸ್ಥರ ಸಂಖ್ಯೆ ಅತ್ಯಲ್ಪವಾಗಿದ್ದ ಒಂದು ಬಡ ರಾಷ್ಟ್ರವು ಈ ಕಾರ್ಯವನ್ನು ಅಷ್ಟು ಬೇಗನೆ ಸಾಧಿಸಿದುದು ಸ್ವರಾಜ್ಯದ ಶ್ಲಾಘನೀಯ ಕೃತ್ಯಗಳಲ್ಲೊಂದೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಅದರ ಫಲವು ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಕಣ್ಣಿಗೆ ಕಾಣುತ್ತದೆ. ಹೊಳಲ್ಕೆರೆಯವನು ತಂದರೂ ಶಿವಮೊಗ್ಗದವನು ತಂದರೂ ಕ್ವಿಂಟಾಲೆಂದರೆ ನೂರು ಕಿಲೋಗ್ರಾಮು. ಅದರಲ್ಲಿ ಪಕ್ಕಾ ಕಚ್ಚಾ ಎಂಬ ಭೇದವಿಲ್ಲ. ಬೆಲೆಯ ವಿಷಯದಲ್ಲಿ ಮೋಸವಾಗಬಹುದು, ಬಿಳಿ ಚೀಟಿಯಲ್ಲಿ ಮೋಸವಾಗಬಹುದು, ಚೀಲದ ತೂಕವೆಂದು ಕಡಿತ ಮಾಡುವುದರಲ್ಲಿಯೂ ಆಗಬಹುದು. ಆದರೆ ತೂಕದ ಹೆಸರಿನಿಂದಲೇ ಮೋಸ ಮಾಡುವ ಮಾರ್ಗ ಮುಚ್ಚಿಹೋಗಿದೆ. ಇನ್ನು ಮಂಡಕ್ಕಿಯನ್ನು ಸೇರಿನಿಂದ ಅಳೆದು ಕೊಡುವುದೂ ಹೂವಾಡಗಿತ್ತಿಯು ಮೊಳದಿಂದ, ಮಾರಿನಿಂದ ಅಳೆದು ಕೊಡುವುದೂ ಹಳೆಯ ರೂಢಿಯೇ. ಕೊಳ್ಳುವವನೂ ಕೊಡುವವಳೂ ಎದುರೆದುರಿಗೆ ನಿಂತು ಅದೇ ಸೇರನ್ನೂ ಅದೇ ತೋಳನ್ನೂ ನೋಡುತ್ತಾರೆ. ಕೈ ಗಿಡ್ಡವೆಂದು ತೋರಿದರೆ ಮುಂದಿನ ಅಂಗಡಿಗೆ ಹೋಗುವ ಸ್ವಾತಂತ್ರ್ಯವುಂಟು. ಅಳತೆಗಳ ಇಲಾಖೆಯವರು ಇಂಥವರ ಬೆನ್ನು ಹತ್ತಬೇಕೆಂದು ನಾವಂತೂ ಹೇಳಲಾರೆವು. ಚಿನ್ನದ ಅಂಗಡಿಯ ವಿಷಯ ಹಾಗಲ್ಲ. ಹಳೆಯ ತೊಲ 11.66 ಗ್ರಾಮು, ಈಗ ಅನೇಕ ಕಡೆ ತೊಲವೆಂಬ ಹೆಸರಿನಲ್ಲಿ ಕೊಡುವುದು 10 ಗ್ರಾಮು. ರಸೀದಿಯಲ್ಲಿ ಗ್ರಾಮಿನ ಲೆಕ್ಕ ಇರುವುದರಿಂದ ವ್ಯವಹಾರ ಶುದ್ಧವೇ. ಆದರೆ ಅಜ್ಜಿಯ ಕಾಲದ ಐದು ತೊಲದ ಸರವನ್ನೂ ಇಂದಿನ ಐದು ತೊಲವನ್ನೂ ಒಂದೇ ಎಂದು ನಂಬಿ ಭಾಗ ಮಾಡಿಕೊಳ್ಳುವ ಮನೆಗಳಲ್ಲಿ ಎಂಟು ಗ್ರಾಮಿಗೂ ಮೀರಿದ ವ್ಯತ್ಯಾಸ ಬಿದ್ದುಹೋಗುತ್ತದೆ. ಹಳೆಯ ಹೆಸರನ್ನು ಹೊಸ ಪ್ರಮಾಣಕ್ಕೆ ತೊಡಿಸಿದಾಗ ಹೀಗಾಗುವುದು ಸಹಜ.

ಪೇಟೆಯಲ್ಲಿ ಕಾಲಿಟ್ಟ ಮೆಟ್ರಿಕ್ ಪದ್ಧತಿಯು ಹೊಲದ ಬದುವಿನ ಬಳಿ ಬಂದು ನಿಂತುಬಿಟ್ಟಿತು. ಇದಕ್ಕೆ ಕಾರಣವುಂಟು. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ 1863ರಲ್ಲಿ, ಅಂದಿನ ಚಿತ್ರದುರ್ಗ ವಿಭಾಗದಲ್ಲಿಯೇ, ಮುಂಬಯಿ ಪದ್ಧತಿಯನ್ನನುಸರಿಸಿ ಮೊದಲಾಯಿತು. ಮೂವತ್ತಮೂರು ಅಡಿಯ ಸರಪಳಿ. ಅದರ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಎಕರೆ ಆಂಗ್ಲರದು, ಗುಂಟೆ ಈ ನಾಡಿನದು. ಎರಡನ್ನೂ ಗಂಟುಹಾಕಿ ಪ್ರತಿಯೊಂದು ಸರ್ವೆ ನಂಬರಿನ ಮೇಲೆ ಕೂರಿಸಿದರು. ಬಾಂದುಕಲ್ಲು, ಟಿಪ್ಪಣಿ, ಆಕಾರಬಂದು, ಕ್ರಯಪತ್ರ, ಪಾಲುಪತ್ರ, ನ್ಯಾಯಾಲಯದ ತೀರ್ಪು ಎಲ್ಲವೂ ಆ ಲೆಕ್ಕದಲ್ಲಿಯೇ ಇವೆ. ಪೇಟೆಯ ತಕ್ಕಡಿಗೆ ಬೇರೆ ಕಲ್ಲು ಹಾಕಿದಷ್ಟು ಸುಲಭವಾಗಿ ಇವನ್ನು ಬದಲಿಸಲಾಗದು. 2000ದ ಸುಮಾರಿಗೆ ಭೂಮಿ ಯೋಜನೆಯು ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಲೂ ಹಳೆಯ ಅಳತೆಯನ್ನೇ ಏರಿಸಿತು. ಜಾಗ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಸೇರಿಸುವ ಸುಸಂಧಿಯು ಆಗ ಕೈತಪ್ಪಿತೆಂಬುದು ಖೇದಕರ.

ಹೀಗಾಗಿ ಸರ್ಕಾರವು ಒಂದು ಕೈಯಿಂದ ಅಂಗಡಿಕಾರನನ್ನು ಕಟ್ಟುತ್ತದೆ. ಇನ್ನೊಂದು ಕೈಯಿಂದ ತಾನೇ ಬಿಚ್ಚಿಕೊಳ್ಳುತ್ತದೆ. 2009ರ ಕಾಯಿದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸರಕಿನ ಬೆಲೆಯನ್ನು ಪ್ರಮಾಣೀಕೃತವಲ್ಲದ ಅಳತೆಯಲ್ಲಿ ಸಾರುವುದು ನಿಷಿದ್ಧ. ಸರ್ಕಾರವೋ ಕಂದಾಯ ಇಲಾಖೆಯಲ್ಲಿ ಎಕರೆ, ಪರಿಹಾರದ ಆದೇಶದಲ್ಲಿ ಹೆಕ್ಟೇರು, ನೀರಾವರಿ ಇಲಾಖೆಯಲ್ಲಿ ಘನ ಅಡಿ, ಪಟ್ಟಣದ ಖಾತೆಯಲ್ಲಿ ಚದರ ಮೀಟರು ಎಂದು ನಾಲ್ಕು ನಾಲಿಗೆಗಳಲ್ಲಿ ಮಾತನಾಡುತ್ತದೆ. ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ 2023ರ ಏಪ್ರಿಲಿನಲ್ಲಿ ಇಸ್ರೋದವರು ಮರುಬಳಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟು ಸುರಕ್ಷಿತವಾಗಿ ಇಳಿಸಿದರು. ಆ ವಿಜ್ಞಾನಸಂಸ್ಥೆಗಳಿಗೆ ಅಮೃತಮಹಲ್ ಕಾವಲುಗಳನ್ನು ಕೊಟ್ಟ ಕಾಗದಗಳಲ್ಲಿ ಎಣಿಕೆಯೆಲ್ಲ ಎಕರೆಗಳದು!

ನೀರಿನ ವಿಷಯದಲ್ಲಿ ಈ ನಾಲಿಗೆಗಳ ಭೇದವು ಹೆಚ್ಚಿನ ಹಾನಿಯನ್ನುಂಟುಮಾಡಿದೆ. ಮಾರಿಕಣಿವೆಯ ವಾಣಿವಿಲಾಸ ಸಾಗರದ ಮಟ್ಟವನ್ನು ಹಿರಿಯೂರಿನ ಮಕ್ಕಳೂ ಅಡಿಗಳಲ್ಲಿಯೇ ಹೇಳುತ್ತಾರೆ. 130 ಅಡಿಯಾದರೆ ಭರ್ತಿ. 1933ರ ಬಳಿಕ 2022ರಲ್ಲಿ ಕೋಡಿ ಬಿದ್ದಾಗ, ಪುನಃ 2025ರ ಜನವರಿಯಲ್ಲಿ ಬಿದ್ದಾಗ, ಜನರು ಅಡಿಗಳನ್ನೂ ಅಂಗುಲಗಳನ್ನೂ ಎಣಿಸುತ್ತ ಕಾದಿದ್ದರು. ಇಲ್ಲಿ ಅಡಿಯೆಂಬುದು ಜನತೆಯ ಸ್ಮೃತಿಯಲ್ಲಿ ಬೇರೂರಿದೆ, ಅದನ್ನು 39.62 ಮೀಟರೆಂದು ಬದಲಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಪ್ರಕಟನೆಗಳನ್ನಾದರೋ ಓದಿ ನೋಡಿರಿ. ನೀರು 29.90 ಟಿ.ಎಂ.ಸಿ.; ಭೂಮಿ 2,25,515 ಹೆಕ್ಟೇರು. ಎರಡೂ ಅಂಕಿಗಳು ಹತ್ತಾರು ವರ್ಷಗಳಿಂದ ಎಲ್ಲರ ಬಾಯಲ್ಲಿವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿದವರು ಎಷ್ಟು ಮಂದಿ? ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅಷ್ಟು ನೀರನ್ನು ಸುಮಾರು 23 ಸಾವಿರ ಎಕರೆಯ ಮೇಲೆ ಹರಡಿದರೆ ಒಂದಡಿ ನಿಲ್ಲುತ್ತದೆ. ಇತ್ತ 2,25,515 ಹೆಕ್ಟೇರೆಂದರೆ ಐದೂವರೆ ಲಕ್ಷ ಎಕರೆಗೆ ಮೇಲ್ಪಟ್ಟಿತು. ಲೆಕ್ಕವನ್ನು ಪೂರೈಸಿದರೆ ಇಡೀ ವರ್ಷಕ್ಕೆ ಹೊಲದ ಮೇಲೆ ನಿಲ್ಲುವ ನೀರು ಹದಿನೈದು ಅಂಗುಲಕ್ಕಿಂತ ಕೊಂಚ ಕಡಿಮೆ. 367 ಕೆರೆಗಳನ್ನು ತುಂಬಿಸುವ ಪಾಲನ್ನೂ ದಾರಿಯಲ್ಲಿ ಆವಿಯಾಗುವುದನ್ನೂ ಕಳೆದರೆ ಇನ್ನೂ ಕಡಿಮೆ.

ಯೋಜನೆಯು ನಿರರ್ಥಕವೆಂದು ಇದರಿಂದ ಹೇಳಬಂದವರು ನಾವಲ್ಲ. ಅದು ಹನಿ ನೀರಾವರಿಯ ಯೋಜನೆಯೆಂದು ಸರ್ಕಾರದವರೇ ಹೇಳಿದ್ದಾರೆ. ಮಿತವಾಗಿ ಬಳಸಿದರೆ ಹದಿನೈದು ಅಂಗುಲವು ಬರದ ಸೀಮೆಗೆ ದೊಡ್ಡ ಸಂಪತ್ತು. ಆದರೆ ಕಾಲುವೆ ಬಂದೊಡನೆ ಗದ್ದೆ ಮಾಡಿ ಭತ್ತ ನೆಡುವೆನೆಂದೋ ಮಾನಾವರಿ ಹೊಲವನ್ನೆಲ್ಲ ಅಡಿಕೆ ತೋಟ ಮಾಡುವೆನೆಂದೋ ಸಾಲ ತೆಗೆದು ಸಿದ್ಧನಾಗುತ್ತಿರುವ ಹೊಸದುರ್ಗದ ರೈತನಿಗೆ ಈ ಹದಿನೈದು ಅಂಗುಲದ ಮಾತನ್ನು ಮೊದಲೇ ಹೇಳಬೇಕಾದುದು ಯಾರ ಧರ್ಮ? ಟಿ.ಎಂ.ಸಿ. ಒಂದು ಕಡೆ, ಹೆಕ್ಟೇರು ಒಂದು ಕಡೆ ಇರುವ ತನಕ ಈ ಭಾಗಾಕಾರವನ್ನು ಮಾಡಬಲ್ಲವನು ಇಂಜಿನಿಯರನೊಬ್ಬನೇ. ಅಂಗುಲದ ಮಳೆಯನ್ನೋ ಮಿಲಿಮೀಟರಿನ ಮಳೆಯನ್ನೋ ಕಂಡು ಹದವನ್ನು ನಿಶ್ಚಯಿಸುವ ರೈತನು, ನೀರಿನ ಪಾಲನ್ನೂ ಹಾಗೆಯೇ ಹೇಳಿದ್ದರೆ ತಾನಾಗಿಯೇ ತನ್ನ ಬೆಳೆಯನ್ನು ನಿರ್ಧರಿಸಿಯಾನು.

ಹಾಗಾದರೆ ಎಕರೆ ಗುಂಟೆಗಳನ್ನು ಒಂದೇ ಏಟಿಗೆ ರದ್ದುಮಾಡತಕ್ಕದ್ದೇ? ಮಹಾರಾಷ್ಟ್ರದವರು ಆ ಮಾರ್ಗವನ್ನು ಹಿಡಿದರು. ನಮ್ಮಂತೆಯೇ ಮುಂಬಯಿ ಮೋಜಣಿಯ ಸಂತತಿಯಾದ ಅವರ ಏಳು-ಹನ್ನೆರಡರ ಉತಾರದಲ್ಲಿ ಈಗ ಹೆಕ್ಟೇರು ಮತ್ತು ಆರ್ ಎಂದಿವೆ. ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ರೈತರು ಅದನ್ನೇ ಓದುತ್ತಾರೆ, ಮಾತಿನಲ್ಲಿ ಮಾತ್ರ ಎಕರೆಯನ್ನು ಬಿಟ್ಟಿಲ್ಲ. ಕಾಸರಗೋಡಿನ ಕನ್ನಡಿಗರ ಮಾತಿನಲ್ಲಿ ಸೆಂಟು, ದಾಖಲೆಯಲ್ಲಿ ಆರ್. ಎಕರೆಯ ತವರಾದ ಇಂಗ್ಲೆಂಡಿನಲ್ಲಿಯೂ ಭೂಮಿಯ ನೋಂದಣಿಗೆ ಅದಕ್ಕಿದ್ದ ಶಾಸನಮಾನ್ಯತೆ 2010ರಿಂದ ತಪ್ಪಿಹೋಗಿದೆ. ಆದುದರಿಂದ ಕಾಲದ ಗತಿ ಯಾವ ಕಡೆಗೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಾದಿಯ ವಿಷಯದಲ್ಲಿ ಎಚ್ಚರ ಬೇಕು.

ನಮ್ಮ ಸುದೈವದಿಂದ ಹಾದಿಯು ಗುಂಟೆಯಲ್ಲಿಯೇ ಇದೆ. ಒಂದು ಗುಂಟೆ 101.17 ಚದರ ಮೀಟರು. ಒಂದು ಆರ್ ಸರಿಯಾಗಿ 100 ಚದರ ಮೀಟರು. ಹೆಕ್ಟೇರಿಗೆ ನೂರು ಆರ್ ಆದರೆ ಗುಂಟೆಗಳು 98.84. ಅಂದರೆ ಬಾಯಿಲೆಕ್ಕಕ್ಕೆ ನೂರು ಗುಂಟೆಗೆ ಒಂದು ಹೆಕ್ಟೇರೆಂದರೆ ಸಾಕು. ಎರಡೂವರೆ ಎಕರೆಗೆ ನೂರು ಗುಂಟೆಯೆಂಬುದನ್ನು ನಮ್ಮ ರೈತರಲ್ಲಿ ಅರಿಯದವರಿಲ್ಲ. ಇಷ್ಟು ಹತ್ತಿರವಿರುವುದರಿಂದಲೇ ಗುಂಟೆಗೆ ಆರ್ ಎಂದು, ಇಲ್ಲವೆ ಆರ್‌ಗೆ ಗುಂಟೆಯೆಂದು ಹೆಸರಿಟ್ಟು ಕೈತೊಳೆದುಕೊಳ್ಳುವ ಆಸೆಯೂ ಹುಟ್ಟಬಹುದು. ಅದು ಸಲ್ಲದು. ಐದು ಎಕರೆಗೆ ಅದು 234 ಚದರ ಮೀಟರುಗಳ ನಷ್ಟ. ಹಳ್ಳಿಯಲ್ಲಿ ಅಷ್ಟರಲ್ಲಿ ಒಂದು ಮನೆ, ಒಂದು ಹಿತ್ತಿಲು ಎದ್ದೀತು. ತೊಲದ ಕಥೆ ಭೂಮಿಗೆ ಬರಕೂಡದು.

ಕಂದಾಯ ಇಲಾಖೆಯವರಲ್ಲಿ ನಾವು ಕೇಳತಕ್ಕದ್ದು ಅತಿಯಾದುದೇನೂ ಅಲ್ಲ. ಪಹಣಿಯಲ್ಲಿ ಎಕರೆ-ಗುಂಟೆಯ ಪಕ್ಕದಲ್ಲಿಯೇ ಹೆಕ್ಟೇರಿನ ಅಂಕಿಯೂ ಅಚ್ಚಾಗಲಿ. ಎಕರೆಗೂ ಗುಂಟೆಗೂ ನಡುವೆ ಚುಕ್ಕೆಯನ್ನು ಬಿಟ್ಟು ‘ಎ’, ‘ಗುಂ’ ಎಂಬ ಅಕ್ಷರಗಳನ್ನು ಹಾಕಲಿ. ಕಾಲುವೆಗಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಕಟನೆಗಳಲ್ಲಿ ಎರಡು ಅಳತೆಗಳೂ ಇರಲಿ. ವಿವಾದ ಬಂದಲ್ಲಿ ಯಾವುದು ಪ್ರಮಾಣವೆಂಬುದನ್ನು ಅಲ್ಲಿಯೇ ಹೇಳಲಿ. ಇದರಿಂದ ಕೆಲಸ ಹೆಚ್ಚುವುದೆಂಬ ಆಕ್ಷೇಪಣೆ ಬರಬಹುದು. ಗುಣಿಸುವುದು ಯಂತ್ರದ ಕೆಲಸವಾಗಿರುವ ಈ ಕಾಲದಲ್ಲಿ ಆ ಆಕ್ಷೇಪಣೆಗೆ ಬಲವಿಲ್ಲ. ಗುಣಿಸಿದಾಗ ಬರುವ ಪುಡಿ ಅಂಕಿಗಳಿಂದ ಹೊಸ ವ್ಯಾಜ್ಯಗಳು ಹುಟ್ಟುತ್ತವೆಂಬ ವಕೀಲರ ಭಯಕ್ಕೆ ಹೆಚ್ಚು ಬೆಲೆಯುಂಟು. ಅದಕ್ಕಾಗಿಯೇ ಮೂಲ ಮೋಜಣಿಯ ಗುಂಟೆಯೇ ಪ್ರಮಾಣ, ಹೆಕ್ಟೇರು ಅದರ ತರ್ಜುಮೆ ಮಾತ್ರವೆಂದು, ಮರುಮೋಜಣಿ ಮುಗಿಯುವ ತನಕವಾದರೂ, ನಿಯಮದಲ್ಲಿ ಸ್ಪಷ್ಟಪಡಿಸಬೇಕು.

ಮುಂದಿನ ಬರ ಯಾವಾಗ ಬರುವುದೋ ಹೇಳಬರುವುದಿಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಅದಕ್ಕೆ ಬಹುಕಾಲ ಕಾಯಬೇಕಾಗಿಲ್ಲವೆಂಬುದು ಮಾತ್ರ ಅನುಭವಸಿದ್ಧ. ಆಗ ಪರಿಹಾರದ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವ ಅಧಿಕಾರಿಗಳು ಹೆಕ್ಟೇರಿನ ದರದ ಕೆಳಗೆ ಗುಂಟೆಯ ದರವನ್ನೂ ಬರೆಯಲಿ. 8,500 ರೂಪಾಯಿಯ ದರಕ್ಕೆ ಅದು ಗುಂಟೆಗೆ 86 ರೂಪಾಯಿ. ರೈತನು ತನ್ನ ಪಹಣಿಯನ್ನು ಹಿಡಿದು ಗೋಡೆಯ ಮುಂದೆ ನಿಂತು, ಬೇಕಾದರೆ ಶಾಲೆಗೆ ಹೋಗುವ ಮಗಳನ್ನು ಕರೆದು, ಅಲ್ಲಿಯೇ ಲೆಕ್ಕ ಹಾಕಿಸಿಕೊಳ್ಳುತ್ತಾನೆ. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಹುದ್ದೆಯೂ ಬೇಡ. ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು.